ಲೋಡ್ ಹಾಕ್ಕೊಂಡು ಘಾಟಿ ಹತ್ತುವಾಗ ಪಿಕಪ್ ಇದ್ದಕ್ಕಿದ್ದಂಗೆ ಸಾಯ್ತಿದೆ, ಪಂಪ್ ಬಿಚ್ಚಿಸ್ಲೇಬೇಕಾ?

ಹಂಚಿನಗಾಡಿ_ಹಾಸನ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಂದು 2006ರ ಪಿಕಪ್, ಡೀಸೆಲ್, ನಾಲ್ಕು ಸಿಲಿಂಡರ್ ಡಿಐ ಟರ್ಬೋ, ಇಂಜಿನ್‌ಗೆ ಡೀಸೆಲ್ ಒತ್ತೋ ಪಂಪ್ ಪೂರ್ತಿ ಮೆಕಾನಿಕಲ್, ಸೆನ್ಸಾರ್ ಗಿನ್ಸಾರ್ ಏನೂ ಇಲ್ಲ. 3 ಲಕ್ಷದ 40 ಸಾವಿರ ಕಿಲೋಮೀಟರ್ ಓಡಿದೆ. ಹೋಗ್ತಾ ತರಕಾರಿ ಮಂಗಳೂರಿಗೆ, ಬರ್ತಾ ಏನ್ ಸಿಗುತ್ತೋ ಅದು. ಗುರುವಾರ ಯಾರೋ ಹಳೇ ಮನೆ ಕೆಡವಿದ್ದು ಮಂಗಳೂರು ಹಂಚು 500 ಇತ್ತು, ಸಕಲೇಶಪುರದ ಹೋಂಸ್ಟೇಗೆ ಅಂತ ತುಂಬ್ಕೊಂಡೆ, ಒಂದು ಟನ್ ಮೇಲೇ ಆಗುತ್ತೆ.

ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದೀನಿ, ಕೆಂಪುಹೊಳೆ ಬರೋ ಹೊತ್ತಿಗೆ ಗಾಡಿ ಜರ್ಕ್ ಹೊಡಿಯೋಕೆ ಶುರುವಾಯ್ತು, ಮಿಸ್ಸಿಂಗ್ ಅಂತಾರಲ್ಲ ಹಂಗೆ, ಆಕ್ಸಿಲರೇಟರ್ ಪೂರ್ತಿ ತುಳಿದ್ರೂ ಕಾಲ್ ಕೆಳಗೆ ಏನೂ ಇಲ್ಲ, ಮೂರ್ನೇ ಗೇರಿಂದ ಎರಡು, ಎರಡರಿಂದ ಒಂದು, ಆಮೇಲೆ ಆಫ್. ಹಿಂದೆ ಲಾರಿಗಳ ಹಾರ್ನು ಬೇರೆ. ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಡೀಸೆಲ್ ಎಳೆಯೋ ಸಣ್ಣ ಪಂಪು) ಒಂದು ನಲವತ್ತು ಸಲ ಹೊಡೆದು ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟು. ಎರಡು ಕಿಲೋಮೀಟರ್ ಹೋಗ್ತೀನಿ, ಮತ್ತೆ ಅದೇ ಕತೆ. ಮಾರನಹಳ್ಳಿ ಮುಟ್ಟೋ ಹೊತ್ತಿಗೆ ನಾಲ್ಕು ಸಲ ಆಯ್ತು.

ಊರಲ್ಲಿ ಖಾಲಿ ಗಾಡಿ ಓಡ್ಸಿದ್ರೆ ಏನೂ ಇಲ್ಲ, ಮಗು ಥರ ಓಡುತ್ತೆ. ಮೆಕ್ಯಾನಿಕ್ ನೋಡಿ ಪಂಪ್ ಸವೆದಿದೆ, ಬಿಚ್ಚಿ ಹಾಸನಕ್ಕೆ ಕ್ಯಾಲಿಬ್ರೇಷನ್‌ಗೆ ಕಳಿಸ್ಬೇಕು, ನಾಝಲ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋದು) ಸೇರಿ 22 ಸಾವಿರ ಅಂದ್ರು. ದುಡ್ಡು ಇಲ್ಲ ಅಂತಲ್ಲ, ಕೊಟ್ಟ ಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಏನ್ ಮಾಡೋದು ಅಂತ ಕೇಳ್ತಿದೀನಿ.

ಕಾಫಿ_ಟ್ರ್ಯಾಕ್ಟರ್ · ರಾತ್ರಿ 9:58

ನಾಝಲ್ ಹೋಗಿದೆ ಗುರು. ನನ್ನ ಟ್ರ್ಯಾಕ್ಟರ್‌ದೂ ಹಿಂಗೇ ಆಗಿತ್ತು.

ನಾಲ್ಕನೇಗೇರ್ · ರಾತ್ರಿ 10:05

ಹೆಡ್ ಗ್ಯಾಸ್ಕೆಟ್ ನೋಡ್ಸಿ. ಘಾಟಿಲಿ ಹೀಟಾಗಿ ಆಫ್ ಆಗಿರುತ್ತೆ, ತಣ್ಣಗಾದ್ಮೇಲೆ ಸ್ಟಾರ್ಟ್ ಆಗಿರುತ್ತೆ.

ಧಾರವಾಡ_ಗ್ಯಾರೇಜ್ · ರಾತ್ರಿ 10:31

ತಡೀರಿ ತಡೀರಿ, ಪೇಷಂಟ್ ಮುಖಾನೂ ನೋಡದ ಆಪರೇಷನ್ ಥಿಯೇಟರಿಗೆ ಕರ್ಕೊಂಡ್ ಹೊಂಟೀರಲ್ರೀ ಎಲ್ಲಾರೂ. ಹಂಚಿನ ಗಾಡಿಯವ್ರ, ನಾ ಕೇಳಿದ್ದಕ್ಕ ಮೊದ್ಲ ಉತ್ತರ ಹೇಳ್ರಿ.

ಆಫ್ ಆಗೂ ಮುಂದ ಹೊಗಿ ಯಾವ ಬಣ್ಣ ಇತ್ತು? ಟೆಂಪರೇಚರ್ ಮುಳ್ಳು ಎಲ್ಲಿತ್ತು? ರೇಡಿಯೇಟರ್ ನೀರು ಕಡಿಮಿ ಆಗೈತೇನು? ಡೀಸೆಲ್ ಫಿಲ್ಟರ್ ಯಾವಾಗ ಹಾಕ್ಸೀರಿ? ಇನ್ನ ಮುಖ್ಯದ್ದು, ಹ್ಯಾಂಡ್ ಪ್ರೈಮರ್ ಹೊಡಿಯೂವಾಗ ಕೈಗೆ ಹೆಂಗ ಅನ್ನಿಸ್ತು? ಕೆಳಗ ಒತ್ತೂದು ಬಿಗಿ ಇತ್ತೋ, ಮ್ಯಾಲ ಎಳಿಯೂದು ಬಿಗಿ ಇತ್ತೋ, ಇಲ್ಲಾ ಎರಡೂ ಕಡೆ ಸಡಿಲ ಇತ್ತೋ?

ಹಂಚಿನಗಾಡಿ_ಹಾಸನ · ರಾತ್ರಿ 10:50

ಮುಳ್ಳು ನಡುವೆನೇ ಇತ್ತು ಸಾರ್, ನೀರು ಒಂದು ಲೋಟನೂ ಕಮ್ಮಿ ಆಗಿಲ್ಲ, ಕ್ಯಾಪ್ ತೆಗೆದು ರೇಸ್ ಕೊಟ್ಟು ನೋಡಿದೆ, ಗುಳ್ಳೆನೂ ಬರ್ತಿಲ್ಲ. ಆಯಿಲ್ ಕ್ಲೀನ್. ಹೊಗೆ ಆಫ್ ಆಗೋವಾಗ ಏನೂ ಇರ್ಲಿಲ್ಲ, ಕಪ್ಪು ಅಂತೂ ಇಲ್ವೇ ಇಲ್ಲ, ವಾಪಸ್ ಸೆಲ್ಫ್ ಹೊಡೆವಾಗ ಸ್ವಲ್ಪ ಬಿಳಿ ಬಂತು. ಫಿಲ್ಟರ್ ಎರಡೂ ಹೋದ ತಿಂಗಳು ಹೊಸದು ಹಾಕ್ಸಿದ್ದು.

ಪ್ರೈಮರ್ ಬಗ್ಗೆ ನೀವು ಕೇಳಿದ್ಮೇಲೆ ನೆನಪಾಗ್ತಿದೆ, ಮೇಲೆ ಎಳೆಯೋಕೆ ಬಿಗಿ ಇತ್ತು. ಬಾವಿಯಿಂದ ತುಂಬಿದ ಕೊಡ ಸೇದಿದಂಗೆ. ಒಂದ್ ಹತ್ತು ಸಲ ಹಂಗೆ, ಆಮೇಲೆ ಹಗುರ ಆಯ್ತು.

ಧಾರವಾಡ_ಗ್ಯಾರೇಜ್ · ರಾತ್ರಿ 11:14

ಹಂಗಾರ ಪಂಪ್ ಬಿಚ್ಚಬ್ಯಾಡ್ರಿ. ಸದ್ಯಕ್ಕಂತೂ ಬ್ಯಾಡ.

ಯಾಕ ಅಂತ ಹೇಳತೇನಿ, ಸ್ವಲ್ಪ ಉದ್ದ ಆಕ್ಕೈತಿ. ಡೀಸೆಲ್ ಇಂಜಿನ್ ಲೋಡಿನ್ಯಾಗ ಶಕ್ತಿ ಕಳ್ಕೊಂಡ್ರ ಒಂದು ಗಾಳಿ ಸಾಲವಲ್ದು, ಇಲ್ಲಾ ಡೀಸೆಲ್ ಸಾಲವಲ್ದು. ಗಾಳಿ ಸಾಲದಿದ್ರ, ಅಂದ್ರ ಏರ್ ಫಿಲ್ಟರ್ ಕಟ್ಟಿದ್ರ, ಟರ್ಬೋ ಹೋಸ್ ಹರದಿದ್ರ, ಹಿಂದ ಕರೀ ಹೊಗಿ ಉಗುಳ್ತೈತಿ. ನಿಮ್ದು ಕರೀ ಹೊಗಿ ಇಲ್ಲ. ನೀಲಿ ಹೊಗಿ ಅಂದ್ರ ಆಯಿಲ್ ಸುಡಾಕತ್ತೈತಿ, ಅದೂ ಇಲ್ಲ. ಹೊಗಿನ ಇಲ್ಲದ ಸುಮ್ಮನ ಸಾಯ್ತೈತಿ ಅಂದ್ರ ಹೊಟ್ಟಿಗೆ ಕೂಳು ಬರವಲ್ದು. ಸೆಲ್ಫ್ ಹೊಡದಾಗ ಬಂದ ಬಿಳಿ ಹೊಗಿ ಅರ್ಧಂಬರ್ಧ ಬಂದು ಸುಡದ ಇರೂ ಡೀಸೆಲ್. ನೀರಿನ ಆವಿ ಆಗಿದ್ರ ರೇಡಿಯೇಟರ್ ಖಾಲಿ ಆಗ್ತಿತ್ತು.

ಇನ್ನ ಪಂಪ್ ಸವದಿದ್ರ ಅದು ದಿನಾ ಸವದಿರ್ತೈತಿ. ಮುಂಜಾನೆ ಸ್ಟಾರ್ಟಿಂಗ್ ತ್ರಾಸು, ಖಾಲಿ ಗಾಡಿನೂ ಎಳಿಯೂದಿಲ್ಲ, ತಿಂಗಳಿಂದ ತಿಂಗಳಿಗೆ ಸಾವಕಾಶ ಕೆಡತೈತಿ. ಬುಧವಾರ ಚೊಲೋ ಇದ್ದು ಗುರುವಾರ ಘಾಟ್ನ್ಯಾಗ ಸತ್ತು, ಹದಿನೈದು ನಿಮಿಷ ರೆಸ್ಟ್ ತಗೊಂಡು ಮತ್ತ ಎದ್ದು ಕುಂದ್ರೂದಿಲ್ಲ.

ಟ್ಯಾಂಕಿನಿಂದ ಫೀಡ್ ಪಂಪ್ (ಟ್ಯಾಂಕಿನ ಡೀಸೆಲ್ ಎಳದು ಮುಂದ ಕಳಸೂ ಸಣ್ಣ ಪಂಪ್) ತನಕ ಇರೂದು ಎಳಿಯೂ ಕಡೆ, ಅಲ್ಲಿಂದ ಮುಂದ ಒತ್ತೂ ಕಡೆ. ಪ್ರೈಮರ್ ಕೆಳಗ ಒತ್ತಾಕ ಬಿಗಿ ಇದ್ರ ಮುಂದ ಫಿಲ್ಟರ್ ಕಟ್ಟೈತಿ. ಎಷ್ಟು ಹೊಡದ್ರೂ ಎರಡೂ ಕಡೆ ಸಡಿಲನ ಇದ್ರ ಎಲ್ಲೋ ಗಾಳಿ ಎಳಿಯಾಕತ್ತೈತಿ. ಮ್ಯಾಲ ಎಳಿಯೂದು ಬಿಗಿ ಅಂದ್ರ ಹಿಂದ ಟ್ಯಾಂಕಿನ ಕಡೆ ಯಾರೋ ಕುತಗಿ ಹಿಚಕಾಕತ್ತಾರ. ನಿಮ್ದು ಮೂರನೇದು. ಖಾಲಿ ಗಾಡಿಗೆ ಸ್ವಲ್ಪ ಡೀಸೆಲ್ ಸಾಕು, ಹಿಚಕಿದ ಕುತಗಿಯಾಗೂ ಇಳೀತೈತಿ. ಟನ್ ಲೋಡ್, ಘಾಟ್, ಎರಡನೇ ಗೇರು, ಆವಾಗ ಸಾಲೂದಿಲ್ಲ.

ಮೊದ್ಲ ಟ್ಯಾಂಕ್ ಕ್ಯಾಪ್ ಸಡಿಲ ಮಾಡಿ ಓಡ್ಸಿ ನೋಡ್ರಿ. ಖರ್ಚು ಸೊನ್ನೆ.

ಕಡಬದ_ಹುಡ್ಗ · ಭಾನುವಾರ ಬೆಳಗ್ಗೆ 7:20

ಟ್ಯಾಂಕ್ ಕ್ಯಾಪ್ ಅಂದದ್ದಕ್ಕೆ ನಂದೊಂದು ಹೇಳ್ತೇನೆ ಮಾರಾಯ್ರೆ. ನಮ್ಮ ರಬ್ಬರ್ ಶೀಟ್ ಸಾಗಿಸುವ ಗಾಡಿಯದ್ದು ಕ್ಯಾಪ್ ಎಲ್ಲಿಯೋ ಬಿದ್ದು ಹೋಗಿತ್ತು. ಡ್ರೈವರ್ ಎಂತ ಮಾಡಿದ್ದಾನೆ, ಮಳೆ ನೀರು ಹೋಗ್ಬಾರ್ದು ಅಂತ ಹಾಲಿನ ಪ್ಲಾಸ್ಟಿಕ್ ತೊಟ್ಟೆ ಎರಡು ಸುತ್ತು ಸುತ್ತಿ ಟ್ಯೂಬ್ ರಬ್ಬರ್ ಹಾಕಿ ಬಿಗಿದು ಕಟ್ಟಿದ್ದಾನೆ. ಒಳ್ಳೆ ಕೆಲಸ ಅಲ್ವಾ. ಆದ್ರೆ ಡೀಸೆಲ್ ಹೋದ ಜಾಗಕ್ಕೆ ಗಾಳಿ ಹೋಗ್ಬೇಕಲ್ಲ, ಹೋಗ್ಲಿಕ್ಕೆ ದಾರಿಯೇ ಇಲ್ಲ. ಮೂವತ್ತು ಕಿಲೋಮೀಟರ್ ಓಡಿದ್ರೆ ಬಂದ್. ಮೂರು ಗ್ಯಾರೇಜ್ ತೋರಿಸಿ, ಫೀಡ್ ಪಂಪ್ ಹೊಸತು ಹಾಕಿ, ಕಡೆಗೆ ಒಬ್ರು ಹಳೇ ಮೇಸ್ತ್ರಿ ಆ ತೊಟ್ಟೆ ಬಿಚ್ಚಿದ್ರು ನೋಡಿ, ಸುಂಯ್ ಅಂತ ಶಬ್ದ, ತೊಟ್ಟೆ ಒಳಗೆ ಗುಂಡಿ ಬಿದ್ದಿತ್ತು. ನಿಮ್ಮ ಕ್ಯಾಪಿನಲ್ಲಿ ಸಣ್ಣ ತೂತು ಉಂಟಾ ನೋಡಿ, ಧೂಳು ಕೂತು ಬಂದ್ ಆಗಿರ್ತದೆ.

ಬೆಂಗ್ಳೂರ್_ಡಿಸಿ · ಬೆಳಗ್ಗೆ 8:45

ಎಲ್ಲದಕ್ಕಿಂತ ಮುಂಚೆ ಗಾಡಿ ಕಂಪ್ಯೂಟರ್‌ಗೆ ಚುಚ್ಚೋ ಒಂದು ಒಬಿಡಿ ಸ್ಕ್ಯಾನರ್ ತಗೊಂಡು ಎರರ್ ಕೋಡ್ ಓದಿ. ಸಾವಿರ ರೂಪಾಯಿಗೆಲ್ಲ ಬ್ಲೂಟೂತ್‌ದು ಸಿಗುತ್ತೆ, ಮೊಬೈಲಲ್ಲೇ ನೋಡ್ಬಹುದು.

ಧಾರವಾಡ_ಗ್ಯಾರೇಜ್ · ಬೆಳಗ್ಗೆ 9:02

ಸಾಹೇಬ್ರ, ಈ ಗಾಡಿಗೆ ಸ್ಕ್ಯಾನರ್ ಅಂದ್ರ ಕೋಣನ ಮುಂದ ಕಿನ್ನರಿ. ಚುಚ್ಚಾಕ ಪೋರ್ಟ ಇಲ್ಲ.

ಬೆಂಗ್ಳೂರ್_ಡಿಸಿ · ಬೆಳಗ್ಗೆ 9:10

ಹಹ್ಹ ಸರಿ ಸರಿ, ಪೂರ್ತಿ ಮೆಕಾನಿಕಲ್ ಅಂತ ಬರೆದಿದ್ದು ನೋಡ್ಲಿಲ್ಲ. ಆದ್ರೆ ಇದನ್ನ ಓದೋ ಬೇರೆಯವರಿಗೆ ಒಂದ್ ಮಾತು. ನಿಮ್ದು ಕಾಮನ್ ರೈಲ್ (ಎಲ್ಲ ನಾಝಲ್‌ಗೂ ಒಂದೇ ಹೈ ಪ್ರೆಶರ್ ಪೈಪಿಂದ ಡೀಸೆಲ್ ಹೋಗೋ) ಇಂಜಿನ್ ಆಗಿದ್ರೆ ಹಳೇ ಸ್ಟೈಲಲ್ಲಿ ಇಂಜಿನ್ ಓಡ್ತಿರುವಾಗ ನಾಝಲ್ ಪೈಪ್ ನಟ್ ಲೂಸ್ ಮಾಡಿ ಯಾವ ಸಿಲಿಂಡರ್ ಮಿಸ್ ಅಂತ ನೋಡೋದನ್ನ ದಯವಿಟ್ಟು ಮಾಡ್ಬೇಡಿ. ಅದ್ರಲ್ಲಿ ಪ್ರೆಶರ್ 1000 ಬಾರ್ ಮೇಲೂ ಹೋಗುತ್ತೆ, ಕೂದಲಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ, ಮೊದ್ಲು ಸೂಜಿ ಚುಚ್ಚಿದಂಗೆ ಅನ್ಸಿ ಸುಮ್ನಾಗ್ತೀರ, ಆಮೇಲೆ ಬೆರಳೇ ತೆಗಿಬೇಕಾಗಿ ಬರಬಹುದು. ಹಾಗೇನಾದ್ರೂ ಆದ್ರೆ ನೋವಿಲ್ಲ ಅಂದ್ರೂ ಸೀದಾ ಆಸ್ಪತ್ರೆಗೆ ಹೋಗಿ.

ಧಾರವಾಡ_ಗ್ಯಾರೇಜ್ · ಬೆಳಗ್ಗೆ 9:15

ಇದು ಲಾಖ್ ರೂಪಾಯಿ ಮಾತು. ಹಳೇ ಇಂಜಿನ್ಯಾಗೂ ನಾಝಲ್ ಬಾಯಿಗೆ ಕೈ ಒಡ್ಡಬ್ಯಾಡ್ರಿ.

ಕಾಫಿ_ಟ್ರ್ಯಾಕ್ಟರ್ · ಬೆಳಗ್ಗೆ 10:30

ಇದೆಲ್ಲ ಈಗಿನ ಡೀಸೆಲ್ ಪ್ರಾಬ್ಲಮ್ಮು. 2020 ಏಪ್ರಿಲ್‌ಗೆ ಬಿಎಸ್6 ಡೀಸೆಲ್ ಬಂತಲ್ಲ, ಗಂಧಕ 50 ಪಿಪಿಎಂ ಇದ್ದಿದ್ದು 10ಕ್ಕೆ ಇಳಿಸಿದ್ರು, ಹಳೇ ಪಂಪ್‌ಗಳಿಗೆ ಜಿಡ್ಡೇ ಸಿಗ್ತಿಲ್ಲ. ನಾನು ಟ್ಯಾಂಕಿಗೆ 100 ಎಂಎಲ್ ಟೂಟಿ (2T, ಟೂ ಸ್ಟ್ರೋಕ್ ಗಾಡಿದು) ಆಯಿಲ್ ಹಾಕ್ತೀನಿ.

ನಾಲ್ಕನೇಗೇರ್ · ಬೆಳಗ್ಗೆ 10:41

ಬಂತಪ್ಪಾ ಟೂಟಿ ಆಯಿಲ್. ಗಂಧಕ ತೆಗೆಯುವಾಗ ಕಮ್ಮಿ ಆಗೋ ಜಿಡ್ಡಿಗೆ ರಿಫೈನರಿಲೇ ಬೇರೆ ಅಡಿಟಿವ್ ಸೇರಿಸಿ ಕಳಿಸ್ತಾರೆ ಮಾರಾಯ. ಜಿಡ್ಡಿಲ್ದೆ ಪಂಪ್ ಸವೆದಿದ್ರೂ ಘಾಟಿ ನೋಡ್ಕೊಂಡ್ ಸವೆಯುತ್ತಾ?

ಹಂಚಿನಗಾಡಿ_ಹಾಸನ · ಸೋಮವಾರ ರಾತ್ರಿ 8:15

ಅಪ್‌ಡೇಟ್. ಲೋಡ್ ಇಲ್ದೆ ಗೊತ್ತಾಗಲ್ಲ ಅಂತ ಪಕ್ಕದಲ್ಲಿ ಮನೆ ಕಟ್ತಿರೋರ ಹತ್ರ ಸಿಮೆಂಟ್ ಬ್ಲಾಕ್ 45 ಸಾಲ ಕೇಳಿ ತುಂಬ್ಕೊಂಡೆ, ಅವ್ರು ಇವನಿಗೆ ತಲೆ ಕೆಟ್ಟಿದೆ ಅನ್ನೋ ಥರ ನೋಡಿದ್ರು. ಸಕಲೇಶಪುರ ದಾಟಿ ಮಾರನಹಳ್ಳಿ ತನಕ ಇಳಿದು ಕ್ಯಾಪ್ ಸಡಿಲ ಬಿಟ್ಟು ವಾಪಸ್ ಹತ್ತಿದೆ. ಸುಂಯ್ ಗಿಂಯ್ ಏನೂ ಬರ್ಲಿಲ್ಲ, ಒಂದೂವರೆ ಕಿಲೋಮೀಟರ್‌ಗೆ ಗಾಡಿ ಮತ್ತೆ ಡಮಾರ್. ಸೋ ಕ್ಯಾಪ್ ಅಲ್ಲ. ಮುಂದೆ?

ಧಾರವಾಡ_ಗ್ಯಾರೇಜ್ · ರಾತ್ರಿ 8:50

ಬ್ಲಾಕ್ ಇನ್ನೂ ಇಳಿಸಿಲ್ಲ ಅಂದ್ರ ಇಳಿಸಬ್ಯಾಡ್ರಿ. ಈಗ ಕ್ಯಾನ್ ಟೆಸ್ಟ್. ಐದು ಲೀಟರಿನ ಸ್ವಚ್ಛ ಆಯಿಲ್ ಕ್ಯಾನಿನ್ಯಾಗ ಡೀಸೆಲ್ ತುಂಬ್ರಿ. ಫೀಡ್ ಪಂಪಿಗೆ ಬರೂ ಟ್ಯಾಂಕಿನ ಪೈಪ್ ಬಿಚ್ಚಿ ಅದರ ಜಾಗಕ್ಕ ಹೊಸಾ ಪೈಪ್ ಹಾಕಿ ಇನ್ನೊಂದು ತುದಿ ಕ್ಯಾನಿನ್ಯಾಗ ಇಳಿಬಿಡ್ರಿ. ಆದ್ರ ಟ್ರಾನ್ಸ್‌ಪರೆಂಟ್ ಪೈಪ್ ಹಾಕ್ರಿ, ಗುಳ್ಳಿ ಬಂದ್ರ ಕಣ್ಣಿಗೆ ಕಾಣ್ತೈತಿ. ಏರ್ ಬಿಡಿಸಿ ಸ್ಟಾರ್ಟ್ ಮಾಡಿ ಘಾಟ್ ಹತ್ರಿ. ಕ್ಯಾನ್ ಮ್ಯಾಲೆ ಗಾಡಿ ಚೊಲೋ ಹತ್ತಿದ್ರ ಪಂಪು, ನಾಝಲ್, ಫಿಲ್ಟರ್ ಎಲ್ಲಾ ಪಾಸ್, ತಪ್ಪು ಟ್ಯಾಂಕ್ ಇಲ್ಲಾ ಲೈನಿಂದು. ಕ್ಯಾನ್ ಮ್ಯಾಲೂ ಸತ್ರ ಆವಾಗ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಕೇಳೂಣು. ಟರ್ಬೋ, ಸೈಲೆನ್ಸರ್ ಹತ್ರ ಕ್ಯಾನ್ ಕಟ್ಟಬ್ಯಾಡ್ರಿ ಮತ್ತ.

ಕಡಬದ_ಹುಡ್ಗ · ರಾತ್ರಿ 9:05

ಸ್ಟಾರ್ಟ್ ಆಗ್ಲಿಲ್ಲ ಅಂತ ಆ ಸ್ಟಾರ್ಟಿಂಗ್ ಸ್ಪ್ರೇ ಹೊಡೀಲಿಕ್ಕೆ ಹೋಗ್ಬೇಡಿ ಆಯ್ತಾ. ನಮ್ಮಲ್ಲಿ ಒಬ್ಬ ಹೊಡೆದು ಪಿಸ್ಟನ್ ಒಡೆದುಕೊಂಡಿದ್ದಾನೆ.

ಹಂಚಿನಗಾಡಿ_ಹಾಸನ · ಮಂಗಳವಾರ ಸಂಜೆ 6:30

ನಗ್ಬೇಡಿ ಯಾರೂ. ಕ್ಯಾನನ್ನ ಬಾನೆಟ್ ಒಳಗೆ ಬ್ಯಾಟ್ರಿ ಹೋಲ್ಡರ್ ಪಕ್ಕ ಹಳೇ ಟ್ಯೂಬ್ ಸುತ್ತಿ ಕಟ್ಟಿದೆ. ಮಾರನಹಳ್ಳಿಯಿಂದ ಹತ್ತಿದೆ ನೋಡಿ, ಅಯ್ಯೋ ಏನ್ ಎಳೆಯುತ್ತೆ ಗಾಡಿ, ಮೂರ್ನೇ ಗೇರಲ್ಲಿ ಹೋಗ್ತಿದೆ, ಹತ್ತು ವರ್ಷದ ಹಿಂದಿನ ಗಾಡಿ ವಾಪಸ್ ಬಂದಂಗಾಯ್ತು, ನಾನು ಕ್ಯಾಬಿನ್ನಲ್ಲಿ ಒಬ್ಬನೇ ಕೂಗ್ತಿದೀನಿ. ಆರು ಕಿಲೋಮೀಟರ್ ಆಯ್ತು, ಢಬ್ ಅಂತ ಆಫ್. ಎದೆ ಝಲ್ ಅಂತು. ಇಳಿದು ನೋಡಿದ್ರೆ ಕ್ಯಾನ್ ಖಾಲಿ!! ಆರು ಕಿಲೋಮೀಟರ್‌ಗೆ ಐದು ಲೀಟರ್ ಕುಡಿದ್ರೆ ನಾನು ಹೊಲ ಮಾರಬೇಕಾಗುತ್ತೆ.

ಧಾರವಾಡ_ಗ್ಯಾರೇಜ್ · ಸಂಜೆ 6:48

ರಿಟರ್ನ್ ಪೈಪು!! ನಂದ ತಪ್ಪು, ಹೇಳಾಕ ಮರತೆ. ಪಂಪು ತನಗ ಬೇಕಾದ್ದಕ್ಕಿಂತ ಜಾಸ್ತಿ ಡೀಸೆಲ್ ತಗೊಂಡು ಉಳದದ್ದು ರಿಟರ್ನ್‌ನಾಗ ಟ್ಯಾಂಕಿಗೆ ವಾಪಸ್ ಕಳಸ್ತೈತಿ. ಕ್ಯಾನಿಂದ ಎಳದು ಟ್ಯಾಂಕಿಗೆ ತುಂಬೈತಿ, ನಿಮ್ಮ ಡೀಸೆಲ್ ಎಲ್ಲೂ ಹೋಗಿಲ್ಲ. ಹೊಲ ಮಾರಬ್ಯಾಡ್ರಿ.

ಆದ್ರ ಉತ್ತರ ಸಿಕ್ತಲ್ಲ. ನಿಮ್ಮ ಪಂಪ್ ಗಟ್ಟಿ ಐತಿ. ಟ್ಯಾಂಕಿಂದ ಫೀಡ್ ಪಂಪ್ ತನಕ ಒಂದೊಂದ ನೋಡ್ಕೋತ ಬರ್ರಿ. ಟ್ಯಾಂಕಿನೊಳಗ ಎಳಿಯೂ ಕೊಳವಿ ತುದಿಗೆ ಜಾಳಿಗಿ ಇರ್ತೈತಿ, ಫೀಡ್ ಪಂಪಿನ ಬಾಯಿಯಾಗೂ ಒಂದು ಸಣ್ಣ ಜಾಳಿಗಿ ಇರ್ತೈತಿ, ಅದನ್ನ ಭಾಳ ಮಂದಿ ತೆಗದ ನೋಡೂದಿಲ್ಲ.

ಅಡಿಕೆ_ಲೈನ್ · ಸಂಜೆ 7:30

ನಮ್ಮ ಮನೆಯವ್ರ ಗಾಡಿದೂ ಹೆಚ್ಚು ಕಮ್ಮಿ ಇದೇ ಕಂಪ್ಲೇಂಟು, ಆದ್ರೆ ಬೆಳಗ್ಗೆ ಹೊತ್ತು, ರಾತ್ರಿ ನಿಲ್ಸಿದ್ರೆ ಬೆಳಗ್ಗೆ ಪ್ರೈಮರ್ ಹೊಡೀದೇ ಸ್ಟಾರ್ಟ್ ಆಗಲ್ಲ. ಕೆಳಗೆ ಒಂದು ತೊಟ್ಟೂ ಡೀಸೆಲ್ ಸೋರಿಲ್ಲ. ಇದೂ ಬ್ಲಾಕಾ?

ಧಾರವಾಡ_ಗ್ಯಾರೇಜ್ · ಸಂಜೆ 7:52

ಇಲ್ಲಕ್ಕ, ನಿಮ್ದು ಗಾಳಿ ಕೇಸು. ಎಳಿಯೂ ಕಡೆ ತೂತಿದ್ರ ಡೀಸೆಲ್ ಹೊರಗ ಸೋರೂದಿಲ್ಲ, ಗಾಳಿ ಒಳಗ ಹೋಗ್ತೈತಿ, ಅದಕ್ಕ ಮಂದಿಗೆ ಸಿಗೂದಿಲ್ಲ. ರಾತ್ರಿಯೆಲ್ಲಾ ಲೈನಿನ ಡೀಸೆಲ್ ಹಿಂದ ಟ್ಯಾಂಕಿಗೆ ಜಾರಿ ಬಿಡ್ತೈತಿ. ಮೊದ್ಲ ಡೀಸೆಲ್ ಪೈಪ್ ಜೋಡಸೂ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಎಲ್ಲಾ ಹೊಸಾವು ಹಾಕ್ಸ್ರಿ. ಪ್ರತಿ ಸಲ ಫಿಲ್ಟರ್ ಬದಲಿ ಮಾಡಿದಾಗ ಹಳೇ ವಾಷರನ್ನ ತಿರುವಿ ಹಾಕ್ತಾರ, ಅದು ಒಮ್ಮೆ ಬಿಗದ ಮ್ಯಾಲ ಗಟ್ಟಿಯಾಗಿ ಮತ್ತ ಸರಿ ಕೂಡೂದಿಲ್ಲ. ಅದಾದ ಮ್ಯಾಲೂ ಹಿಂಗ ಇದ್ರ ಫೀಡ್ ಪಂಪಿನ ವಾಲ್ವ್ ನೋಡ್ಸ್ರಿ.

ಹಂಚಿನಗಾಡಿ_ಹಾಸನ · ಬುಧವಾರ ರಾತ್ರಿ 9:00

ತಲೆ ಕೆಟ್ಟೋಗಿದೆ. ಫೀಡ್ ಪಂಪ್ ಜಾಳಿಗೆ ಕ್ಲೀನ್. ಟ್ಯಾಂಕ್ ಇಳಿಸಿದ್ವಿ, ತಳದಲ್ಲಿ ಎರಡು ಚಮಚ ತುಕ್ಕಿನ ಕೆಸರು, ಅರ್ಧ ಲೋಟ ನೀರು, ತೊಳೆದು ಹಾಕಿದ್ವಿ, ಒಳಗಿನ ಜಾಳಿಗೆನೂ ತೊಳೆದ್ವಿ. ಮೆಕ್ಯಾನಿಕ್ ಇಂಜಿನ್ ಕಡೆಯಿಂದ ಕಂಪ್ರೆಸರ್ ಗಾಳಿ ಹೊಡೆದ್ರು, ಟ್ಯಾಂಕಲ್ಲಿ ಬುಳುಬುಳು ಅಂತ ಚೆನ್ನಾಗೇ ಬಂತು, ಲೈನ್ ಕ್ಲಿಯರ್ ಇದೆ, ನಾನು ಮೊದ್ಲೇ ಹೇಳಿದ್ದೆ ಪಂಪೇ ಅಂತ ಅಂದ್ರು. ಹತ್ತಿಸಿ ನೋಡಿದ್ರೆ ಮತ್ತೆ ಅದೇ ಜಾಗದಲ್ಲಿ ಆಫ್. ಬ್ಲಾಕ್ ಕೊಟ್ಟೋರು ವಾಪಸ್ ಕೇಳ್ತಿದಾರೆ, ನಾಡಿದ್ದು ಗೋಡೆ ಕಟ್ಬೇಕಂತೆ.

ಧಾರವಾಡ_ಗ್ಯಾರೇಜ್ · ರಾತ್ರಿ 9:20

ಒಂದ ಪ್ರಶ್ನೆ. ಗಾಳಿ ಹೊಡದದ್ದು ಇಂಜಿನ್ ಕಡೆಯಿಂದ ಟ್ಯಾಂಕಿಗೆ. ಡೀಸೆಲ್ ಬರೂದು ಟ್ಯಾಂಕಿಂದ ಇಂಜಿನ್ ಕಡೆ. ನಡುವ ರಬ್ಬರ್ ಪೈಪ್ ಐತಲ್ಲ, ಅದು ಯಾವಾಗ ಹಾಕ್ಸಿದ್ದು?

ಹಂಚಿನಗಾಡಿ_ಹಾಸನ · ರಾತ್ರಿ 9:34

ಎರಡು ವರ್ಷ ಆಯ್ತು ಸಾರ್. ಅರಸೀಕೆರೆ ರೋಡಲ್ಲಿ ಹೋಗ್ತಿದ್ದಾಗ ಪೈಪ್ ಒಡೆದು ಡೀಸೆಲ್ ಸುರೀತಿತ್ತು, ಅಲ್ಲೇ ಪಂಕ್ಚರ್ ಅಂಗಡಿಲಿ ಯಾವುದೋ ಪೈಪ್ ಕತ್ತರಿಸಿ ಹಾಕಿ ಕ್ಲಿಪ್ ಬಿಗಿದ್ರು. ಮುಟ್ಟಿ ನೋಡಿದ್ರೆ ಹೊರಗೆ ಗಟ್ಟಿಯಾಗೇ ಇದೆ, ಬಿರುಕೂ ಇಲ್ಲ.

ಧಾರವಾಡ_ಗ್ಯಾರೇಜ್ · ರಾತ್ರಿ 9:36

ಬಿಚ್ಚಿ, ಉದ್ದಕ ಸೀಳ್ರಿ. ಫೋಟೋ ಹಾಕ್ರಿ.

ಹಂಚಿನಗಾಡಿ_ಹಾಸನ · ಗುರುವಾರ ಮಧ್ಯಾಹ್ನ 1:10

ಫೋಟೋ ಹಾಕಿದೀನಿ ನೋಡಿ. ಬ್ಲೇಡಲ್ಲಿ ಸೀಳ್ತಿದ್ದಂಗೆ ನನಗೂ ಮೆಕ್ಯಾನಿಕ್‌ಗೂ ಮಾತೇ ಬರ್ಲಿಲ್ಲ. ಹೊರಗಿನ ರಬ್ಬರು ಚೆನ್ನಾಗಿದೆ. ಒಳಗಿನ ಪದರ ಒಂದು ಗೇಣು ಉದ್ದ ಬಿಟ್ಕೊಂಡಿದೆ, ಹಾವು ಪೊರೆ ಬಿಟ್ಟಂಗೆ, ಉಬ್ಬಿ ಮೆತ್ತಗಾಗಿ, ಟ್ಯಾಂಕ್ ಕಡೆಗೆ ನಾಲಿಗೆ ಥರ ನೇತಾಡ್ತಿದೆ. ಬೆರಳಲ್ಲಿ ಮುಟ್ಟಿದ್ರೆ ನೆನೆದ ಹಪ್ಪಳ. ಇಂಜಿನ್ ಕಡೆಯಿಂದ ಟ್ಯಾಂಕ್ ಕಡೆಗೆ ಊದಿದ್ರೆ ನಾಲಿಗೆ ಗೋಡೆಗೆ ಅಂಟ್ಕೊಂಡು ದಾರಿ ಬಿಡುತ್ತೆ, ಅದಕ್ಕೇ ಕಂಪ್ರೆಸರ್‌ಗೆ ಬುಳುಬುಳು. ಇಂಜಿನ್ ಕಡೆಯಿಂದ ಬಾಯಿ ಹಾಕಿ ಎಳೆದ್ರೆ ಎದ್ದು ಬಂದು ದಾರಿ ಮುಚ್ಚುತ್ತೆ. ಜೋರಾಗಿ ಎಳೆದಷ್ಟೂ ಗಟ್ಟಿ ಮುಚ್ಚುತ್ತೆ. ಬಾಯಲ್ಲಿ ಇನ್ನೂ ಡೀಸೆಲ್ ವಾಸನೆ ಹೋಗಿಲ್ಲ, ಊಟ ಸೇರ್ತಿಲ್ಲ.

ಕಡಬದ_ಹುಡ್ಗ · ಮಧ್ಯಾಹ್ನ 1:25

ಅಬ್ಬಾ ಸಾವ! ಹದಿನೈದು ನಿಮಿಷ ನಿಲ್ಸಿದ್ರೆ ಎಳೆತ ಬಿಟ್ಟು ನಾಲಿಗೆ ಕೆಳಗೆ ಬೀಳ್ತದೆ, ಪುನಃ ಓಡ್ತದೆ. ಎಲ್ಲ ಲೆಕ್ಕ ಸರಿ ಉಂಟು.

ಧಾರವಾಡ_ಗ್ಯಾರೇಜ್ · ಮಧ್ಯಾಹ್ನ 2:00

ಅದು ಡೀಸೆಲ್ ಪೈಪ ಅಲ್ರಿ, ನೀರಿಂದೋ ಗಾಳಿಂದೋ ಪೈಪು. ಅದರ ಒಳಗಿನ ರಬ್ಬರಿಗೆ ಡೀಸೆಲ್ ತಾಗಿದ್ರ ಉಬ್ಬತೈತಿ, ಪದರ ಬಿಡ್ತೈತಿ. ಪಂಕ್ಚರ್ ಅಂಗಡಿಯವ ನಿಮ್ಮನ್ನ ಆವತ್ತು ಮನಿ ಮುಟ್ಸ್ಯಾನ, ಅವಂದೇನೂ ತಪ್ಪಿಲ್ಲ, ಮರುದಿನ ಬದಲಿ ಮಾಡಬೇಕಿತ್ತು ಅಷ್ಟ. ಅಂಗಡಿಯಾಗ ಫ್ಯೂಯಲ್ ಹೋಸ್ ಅಂತ ಕೇಳ್ರಿ, ಮ್ಯಾಲ ಅಚ್ಚು ಹಾಕಿರ್ತಾರ, ಓದಿ ತಗೋರಿ. ಸೈಲೆನ್ಸರ್ ಪಕ್ಕ ಹಾದು ಹೋಗೂಹಂಗ ಕಟ್ಟಬ್ಯಾಡ್ರಿ, ಬಿಸಿಗೆ ಮೆತ್ತಗಾಗಿ ಒಳ್ಳೇ ಪೈಪೂ ಚಪ್ಪಟಿ ಆಕ್ಕೈತಿ. ಟ್ರಾನ್ಸ್‌ಪರೆಂಟ್ ಪೈಪನ್ನ ಮಾತ್ರ ಟೆಸ್ಟ್ ಆದ ಮ್ಯಾಲ ತೆಗದ ಬಿಡ್ರಿ, ಅದೂ ಬಾಳಿಕಿ ಬರೂ ಮಾಲಲ್ಲ.

ಕಾಫಿ_ಟ್ರ್ಯಾಕ್ಟರ್ · ಮಧ್ಯಾಹ್ನ 2:15

ಒಟ್ಟಲ್ಲಿ ನಾಝಲ್ ಅಲ್ಲ ಅನ್ನಿ. ನನ್ನ ಟ್ರ್ಯಾಕ್ಟರ್ ನಾಝಲ್‌ಗೆ ಆವಾಗ 9 ಸಾವಿರ ಕೊಟ್ಟಿದ್ದೆ, ಈಗ ಡೌಟ್ ಬರ್ತಿದೆ. ನಾಳೆ ಅದರ ಪೈಪ್ ಸೀಳಿ ನೋಡ್ತೀನಿ.

ನಾಲ್ಕನೇಗೇರ್ · ಮಧ್ಯಾಹ್ನ 2:18

ಟೂಟಿ ಆಯಿಲ್ ಹಾಕ್ಬಿಟ್ಟು ನೋಡು.

ಹಂಚಿನಗಾಡಿ_ಹಾಸನ · ಶನಿವಾರ ರಾತ್ರಿ 10:05

ಲಾಸ್ಟ್ ಅಪ್‌ಡೇಟ್. ಎರಡು ಮೀಟರ್ ಒಳ್ಳೇ ಹೋಸ್, ನಾಲ್ಕು ಕ್ಲಿಪ್ಪು, ತಾಮ್ರದ ವಾಷರ್ ಸೆಟ್ಟು, ಎಲ್ಲ ಸೇರಿ 640 ರೂಪಾಯಿ. ಮೆಕ್ಯಾನಿಕ್ ಮೂರು ದಿನದ ಕೂಲಿ ಬೇಡ ಅಂದ್ರು, ನಾನೇ 1,500 ಜೇಬಿಗೆ ತುರುಕಿದೆ. ಪಾಪ ಅವ್ರೂ ಟ್ಯಾಂಕ್ ಕೆಳಗೆ ಮಲ್ಕೊಂಡು ತಲೆಯೆಲ್ಲ ಡೀಸೆಲ್ ಮಾಡ್ಕೊಂಡಿದ್ರು. ಸೀಳಿದ ಪೈಪನ್ನ ಗ್ಯಾರೇಜ್ ಗೋಡೆಗೆ ಮೊಳೆ ಹೊಡೆದು ನೇತಾಕಿದಾರೆ, ಬಂದೋರಿಗೆಲ್ಲ ತೋರಿಸ್ತಾರೆ.

ಇವತ್ತು ಮಂಗಳೂರಿಂದ ಉಳಿದ ಹಂಚು ತುಂಬ್ಕೊಂಡು ಬಂದೆ. ಗುಂಡ್ಯದಿಂದ ದೋಣಿಗಾಲ್ ತನಕ ಒಂದ್ ಸಲನೂ ನಿಲ್ಲಲಿಲ್ಲ, ಕೆಂಪುಹೊಳೆ ಹತ್ರ ಮಾತ್ರ ಕಾಲು ತಾನೇ ತಾನಾಗಿ ಕ್ಲಚ್ ಮೇಲೆ ಹೋಯ್ತು. ಧಾರವಾಡದ ಸಾರ್‌ಗೆ ದೊಡ್ಡ ನಮಸ್ಕಾರ, ಈ ಕಡೆ ಬಂದ್ರೆ ಫೋನ್ ಮಾಡಿ, ಊಟ ನಮ್ಮನೇಲಿ. ಬ್ಲಾಕ್ 45ರಲ್ಲಿ 43 ವಾಪಸ್ ಕೊಟ್ಟೆ, ಎರಡು ಒಡೆದಿತ್ತು, ದುಡ್ಡು ತಗೊಂಡ್ರು.

ಧಾರವಾಡ_ಗ್ಯಾರೇಜ್ · ರಾತ್ರಿ 10:20

ಊಟಕ್ಕ ಬರ್ತೇನ್ರಿ, ರೊಟ್ಟಿ ನಾನ ತರ್ತೇನಿ.

ಅಡಿಕೆ_ಲೈನ್ · ರಾತ್ರಿ 10:41

ಅಣ್ಣಾ ವಾಷರ್ ಹಾಕ್ಸಿದ್ವಿ, ಇವತ್ತು ಬೆಳಗ್ಗೆ ಅರ್ಧ ಸೆಲ್ಫಿಗೇ ಸ್ಟಾರ್ಟು. ಹಂಚಿನವ್ರೇ, ಆ ಹಂಚು ಇನ್ನೂ ಮಿಕ್ಕಿದ್ಯಾ? ಕೊಟ್ಟಿಗೆಗೆ 200 ಬೇಕಿತ್ತು, ರೇಟ್ ಹೇಳಿ.